ಎರಡೂ ಹೆಣ್ಣೆಂದು ತಂದ ಮೊಲಗಳಲ್ಲಿ ಒಂದು ಗಂಡು: ಇನ್ನು ಒಟ್ಟಿಗೆ ಇಡಬಹುದೇ?

ಪ್ರಶ್ನೆ: ದೀಪಾವಳಿ ಮುಂದೆ ಮಗಳ ಹಟಕ್ಕೆ ಹುಬ್ಬಳ್ಳಿಯಿಂದ ಎರಡು ಮೊಲದ ಮರಿ ತಂದೆವು. ಕೊಟ್ಟವನು ‘ಎರಡೂ ಹೆಣ್ಣ ಅದಾವ್ರಿ, ಒಂದ ತಾಯಿ ಮರಿ’ ಅಂದಿದ್ದ. ಬಿಳಿಯದಕ್ಕೆ ಚುರಮರಿ, ಕಂದುಬಣ್ಣದ್ದಕ್ಕೆ ಪೇಢೆ ಎಂದು ಹೆಸರಿಟ್ಟಿದ್ದೇವೆ. ತಿಂಗಳೊಪ್ಪತ್ತಿನಿಂದ ಪೇಢೆ ಇನ್ನೊಂದರ ಬೆನ್ನು ಹತ್ತಿ ಏರುತ್ತಿದೆ. ನೋಡಿದರೆ ಅದು ಗಂಡು. ನಾಲ್ಕು ದಿನದಿಂದ ಚುರಮರಿ ಹೊಟ್ಟೆಯ ಕೂದಲು ಕಿತ್ತುಕೊಂಡು, ಬಾಯ್ತುಂಬ ಹುಲ್ಲು ಹಿಡಿದು ಮೂಲೆ ಮೂಲೆ ತಿರುಗುತ್ತಿದೆ. ಅಣ್ಣ-ತಂಗಿ ಕೂಡೋದಿಲ್ಲ ಅಂತಾರೆ ಪಕ್ಕದ ಮನೆಯವರು. ಒಂದು ಸೂಲಾದರೂ ಆಗಲಿ, ಇಲ್ಲದಿದ್ದರೆ ಪಾಪ ಅಂತಾರೆ ನಮ್ಮ ಅತ್ತಿಯವರು. ಗಂಡು ಮರಿ ತಿಂದುಬಿಡುತ್ತದೆ ಎಂದು ಕೇಳಿ, ಮರಿ ಹಾಕಿದ ಮೇಲೆ ಎರಡನ್ನೂ ಬೇರೆ ಮಾಡೋಣ ಅಂದುಕೊಂಡಿದ್ದೇವೆ. ಆದರೆ ಒಂದಕ್ಕೊಂದು ಆತು ಮಲಗುತ್ತವೆ, ಅಗಲಿಸಿದರೆ ಕೊರಗಿ ಸಾಯುತ್ತವೆಯೇ? ಆಪರೇಷನ್ ಮಾಡಿಸಿದರೆ ಮೊಲ ಉಳಿಯೋದಿಲ್ಲ ಎಂದು ಒಬ್ಬರು ಹೆದರಿಸಿದ್ದಾರೆ. ಮಗಳು ಕೇಳುತ್ತಾಳೆ, ಬೇರೆ ಇಟ್ಟರೆ ಇವು ಒಂದನ್ನೊಂದು ಮರೆತುಬಿಡುತ್ತವಾ ಎಂದು.
– ಓದುಗರು, ಮಾಳಮಡ್ಡಿ, ಧಾರವಾಡ

ಉತ್ತರ: ಉಳಿದದ್ದೆಲ್ಲ ಆಮೇಲೆ. ಮೊದಲು ಎದ್ದು ಹೋಗಿ ಪೇಢೆಯನ್ನು ಬೇರೆ ಪಂಜರಕ್ಕೆ ಹಾಕಿ ಬನ್ನಿ. ಪಂಜರ ಇಲ್ಲದಿದ್ದರೆ ಬಚ್ಚಲಮನೆ ಆದೀತು, ದೊಡ್ಡ ರಟ್ಟಿನ ಡಬ್ಬಿ ಆದೀತು, ಇವತ್ತಿನ ರಾತ್ರಿಯ ಮಟ್ಟಿಗೆ ಏನಾದರೂ ನಡೆದೀತು.

‘ಮರಿ ಹಾಕಿದ ಮೇಲೆ ಬೇರೆ ಮಾಡೋಣ’ ಎಂದು ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನ್ನನ್ನು ಬೆಚ್ಚಿಸಿದ್ದು ಅದೊಂದೇ ಮಾತು. ಹೆಣ್ಣು ಮೊಲ ಮರಿ ಹಾಕಿದ ಕೆಲವೇ ತಾಸುಗಳಲ್ಲಿ ಮತ್ತೆ ಗಂಡನ್ನು ಸೇರಿಸಿಕೊಳ್ಳುತ್ತದೆ, ಗಬ್ಬವೂ ನಿಲ್ಲುತ್ತದೆ. ನೀವು ಮುಂಜಾನೆ ಎದ್ದು, ಮರಿ ನೋಡಿ, ಮಗಳನ್ನು ಎಬ್ಬಿಸಿ, ಫೋಟೊ ತೆಗೆದು ತವರಿಗೆ ಕಳಿಸುವಷ್ಟರಲ್ಲಿ ಮುಂದಿನ ಸೂಲಿನ ಲೆಕ್ಕ ಶುರುವಾಗಿರುತ್ತದೆ. ಮೊಲದ ಗಬ್ಬ 30ರಿಂದ 32 ದಿನ. ಅಂದರೆ ಮೊದಲ ಮರಿಗಳು ಇನ್ನೂ ಹಾಲು ಬಿಡುವುದರೊಳಗೆ ಎರಡನೆಯ ಸೂಲು ಬಂದು ಕೂತಿರುತ್ತದೆ.

ನಮ್ಮ ಕಡೆಯ ಮಂದಿ ಇಲ್ಲಿ ಎಡವುವುದಕ್ಕೆ ಒಂದು ಕಾರಣವಿದೆ. ನಮಗೆ ಗೊತ್ತಿರುವುದು ಎಮ್ಮೆ, ಆಕಳು. ಅವು 21 ದಿನಕ್ಕೊಮ್ಮೆ ಬೆದೆಗೆ ಬರುತ್ತವೆ, ಒದರುತ್ತವೆ, ಮನೆಯವರಿಗೆಲ್ಲ ತಿಳಿಯುತ್ತದೆ. ಕರು ಹಾಕಿದ ಮೇಲೆ ಸ್ವಲ್ಪ ದಿನ ಬಿಡುವೂ ಸಿಗುತ್ತದೆ. ಮೊಲದ ಮೈ ಹಾಗೆ ನಡೆಯುವುದಿಲ್ಲ. ಅದಕ್ಕೆ ತಿಂಗಳ ಲೆಕ್ಕದ ಬೆದೆ ಇಲ್ಲ. ಗಂಡು ಏರಿದ್ದೇ ಅಂಡ ಬಿಡುಗಡೆಗೆ ಸೂಚನೆ, ಕೂಡಿದ 10–13 ತಾಸಿಗೆ ಅಂಡ ಹೊರಬೀಳುತ್ತದೆ. ‘ಇವತ್ತು ಬೆದೆಯಲ್ಲಿಲ್ಲ, ಒಟ್ಟಿಗೆ ಬಿಡಬಹುದು’ ಎನ್ನುವ ದಿನವೇ ಅದರ ಪಂಚಾಂಗದಲ್ಲಿಲ್ಲ ಅಂದುಕೊಳ್ಳಿ. ಹಾಲು ಕುಡಿಸುವ ತಾಯಿ ಗಬ್ಬ ಆಗುವುದಿಲ್ಲ ಎಂಬ ನಂಬಿಕೆಯನ್ನೂ ಮೊಲದ ವಿಷಯದಲ್ಲಿ ಬಿಟ್ಟುಬಿಡಿ.

ಹಾಗಾದರೆ ಚುರಮರಿ ಈಗಾಗಲೇ ಗಬ್ಬವೇ? ಬಾಯಲ್ಲಿ ಅಡ್ಡ ಹುಲ್ಲು ಹಿಡಿದು, ಮೀಸೆ ಬಂದಂತೆ ಕಾಣುತ್ತ ಮೂಲೆ ಹುಡುಕುವ ಮೊಲ ಗೂಡು ಕಟ್ಟುತ್ತಿದೆ, ಅದು ಖರೆ. ಆದರೆ ಗೂಡು ಕಟ್ಟಿದ ಮಾತ್ರಕ್ಕೆ ಹೊಟ್ಟೆಯಲ್ಲಿ ಮರಿ ಇದೆ ಎನ್ನಲಾಗದು. ಮೊಲಗಳಲ್ಲಿ ಸುಳ್ಳು ಗಬ್ಬ ಬಹಳ. ಗಂಡು ಏರಿ ಅಂಡ ಬಿದ್ದು, ಮರಿ ಮಾತ್ರ ನಿಲ್ಲದಿದ್ದರೆ ಮೈಗೆ ಅದು ತಿಳಿಯುವುದಿಲ್ಲ. 16–18 ದಿನ ಗಬ್ಬದ ನಾಟಕ ನಡೆಸಿ, ಕೂದಲು ಕಿತ್ತು ಹಾಸಿಗೆ ಹಾಸಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಗರಿಕೆ ತಿನ್ನುತ್ತ ಕೂಡುತ್ತದೆ. ಎರಡು ಹೆಣ್ಣುಗಳಲ್ಲಿ ಒಂದು ಇನ್ನೊಂದನ್ನು ಏರಿದರೂ ಹೀಗಾಗುವುದುಂಟು. ನಿಜವಾದ ಗಬ್ಬದಲ್ಲಿ ಕೂದಲು ಕೀಳುವುದು ಸಾಮಾನ್ಯವಾಗಿ ಮರಿ ಹಾಕುವ ಹಿಂದಿನ ದಿನವೋ ಅದೇ ದಿನವೋ. ನಾಲ್ಕು ದಿನ ಕಿತ್ತೂ ಮರಿ ಬಂದಿಲ್ಲವೆಂದರೆ ಸುಳ್ಳು ಗಬ್ಬದ ಕಡೆಗೇ ನನ್ನ ಅನುಮಾನ. ಆದರೂ ಕೆಲವು ಮೊಲಗಳು ಅವಸರದವು ಇರುತ್ತವೆ, ಆದ್ದರಿಂದ ಪೆಟ್ಟಿಗೆ ಇಟ್ಟೇ ಇಡಿ.

ಖಚಿತ ಬೇಕಾದರೆ ವೈದ್ಯರ ಕೈಗೆ ಕೊಡಿ. ಕೂಡಿದ 10–14 ದಿನಕ್ಕೆ ಹೊಟ್ಟೆಯ ಕೆಳಗೆ ಬೆರಳು ಹಾಯಿಸಿದರೆ ಸಾಲಾಗಿ ಸಣ್ಣ ದ್ರಾಕ್ಷಿಯಂಥ ಉಂಡೆಗಳು ಜಾರುತ್ತವೆ. ಮನೆಯಲ್ಲಿ ನೀವೇ ಒತ್ತಿ ನೋಡಲು ಹೋಗಬೇಡಿ. ಹಿಕ್ಕೆಯನ್ನೇ ಮರಿ ಎಂದು ಎಣಿಸಿದವರಿದ್ದಾರೆ, ಒತ್ತಿ ಒತ್ತಿ ಮರಿ ಕಳೆದುಕೊಂಡವರೂ ಇದ್ದಾರೆ. ಪೇಢೆ ಕೊನೆಯ ಸಲ ಏರಿದ್ದು ನಿನ್ನೆಯೇ ಇರಬಹುದಲ್ಲ? ಹಾಗಾಗಿ ಬೇರೆ ಮಾಡಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಂದ 35 ದಿನ ದಾಟಿದ ಮೇಲಷ್ಟೇ ‘ಇಲ್ಲ’ ಎನ್ನಬಹುದು.

ಕೊಟ್ಟವನು ಮೋಸ ಮಾಡಿದ ಎಂದು ನಾನು ಹೇಳಲಾರೆ. ಐದಾರು ವಾರದ ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವಾಗ ನಾನೇ ತಪ್ಪಿದ್ದೇನೆ. ಗಂಡಿನ ಬೀಜ ಚೀಲಕ್ಕೆ ಇಳಿಯುವುದೇ 10–12 ವಾರಕ್ಕೆ. ಅದಕ್ಕೂ ಮುಂಚೆ ಬಾಲದ ಬುಡದಲ್ಲಿ ಮೆಲ್ಲಗೆ ಒತ್ತಿ ನೋಡಬೇಕು, ದುಂಡಗೆ ಕೊಳವೆಯಂತೆ ಹೊರಬಂದರೆ ಗಂಡು, ಉದ್ದಕ್ಕೆ ಸೀಳಿನಂತೆ ಕಂಡರೆ ಹೆಣ್ಣು. ಅಂಗಡಿಯ ಗದ್ದಲದಲ್ಲಿ, ಒದ್ದಾಡುವ ಮರಿಯಲ್ಲಿ ಇದು ಸುಲಭವಲ್ಲ. ದೊಡ್ಡ ಗಂಡೂ ಹೆದರಿದಾಗ ಬೀಜವನ್ನು ಒಳಗೆಳೆದುಕೊಳ್ಳುತ್ತದೆ. ವೈದ್ಯರ ಹತ್ತಿರ ಹೋದಾಗ ಚುರಮರಿಯನ್ನೂ ಒಮ್ಮೆ ತೋರಿಸಿ. ಅಣ್ಣ ಅಂದುಕೊಂಡದ್ದು ಅಕ್ಕ, ತಂಗಿ ಅಂದುಕೊಂಡದ್ದು ತಮ್ಮ ಆದ ಜೋಡಿಗಳನ್ನು ನಾನು ನೋಡಿದ್ದೇನೆ.

ಅಣ್ಣ-ತಂಗಿಯ ಮಾತು ಬಂತಲ್ಲ, ಆ ಸಂಬಂಧ ನಮ್ಮದು, ಮೊಲಗಳದ್ದಲ್ಲ. ಒಂದೇ ಬುಟ್ಟಿಯಲ್ಲಿ ಬೆಳೆದವೂ ಕೂಡುತ್ತವೆ, ತಾಯಿ-ಮಗನೂ ಕೂಡುತ್ತವೆ. ಸಣ್ಣ ತಳಿಯ ಮೊಲ ನಾಲ್ಕು ತಿಂಗಳು ತುಂಬುವ ಮೊದಲೇ ಪ್ರಾಯಕ್ಕೆ ಬರಬಹುದು. ಮುಂದೆ ಮರಿಗಳಾದರೆ ಇದು ನೆನಪಿರಲಿ. ಹತ್ತು ವಾರಕ್ಕೆ ಗಂಡು ಮರಿಗಳನ್ನು ತಾಯಿಯಿಂದಲೂ ಅಕ್ಕತಂಗಿಯರಿಂದಲೂ ಬೇರೆ ಮಾಡಬೇಕು.

ಅತ್ತಿಯವರ ಮಾತಿನ ಹಿಂದೆ ಕಕ್ಕುಲಾತಿ ಇದೆ, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಅವರಿಗೆ ಹೀಗೆ ಹೇಳಿ ನೋಡಿ: ಚುರಮರಿ ಇನ್ನೂ ಬೆಳೆಯುತ್ತಿರುವ ಹುಡುಗಿ, ತನ್ನ ಎಲುಬಿಗೆ ಬೇಕಾದ ಸುಣ್ಣವನ್ನೇ ಹಾಲಿಗೆ ಹರಿಸಬೇಕಾಗುತ್ತದೆ. ಒಂದು ಸೂಲಾದರೆ ಆರೋಗ್ಯ ಸುಧಾರಿಸುತ್ತದೆ ಎಂಬುದಕ್ಕೆ ವೈದ್ಯಕೀಯದಲ್ಲಿ ಆಧಾರವಿಲ್ಲ. ಮರಿ ಹಾಕಿದ ಮೊಲಕ್ಕೂ ಹಾಕದ ಮೊಲಕ್ಕೂ ವಯಸ್ಸಾದ ಮೇಲೆ ಗರ್ಭಕೋಶದ ಕ್ಯಾನ್ಸರ್ ಬರುವುದುಂಟು. ಇನ್ನು ಒಂದು ಸೂಲಿಗೆ ನಾಲ್ಕರಿಂದ ಎಂಟು ಮರಿ ಅಂದರೆ, ಎಂಟು ಮನೆ ಹುಡುಕುವವರು ಯಾರು? ಪ್ರತಿ ಬೇಸಿಗೆಗೂ ‘ಯಾರಿಗಾದ್ರೂ ಬೇಕೇನ್ರಿ ಡಾಕ್ಟರ್ರ’ ಎಂದು ತರಕಾರಿ ಬುಟ್ಟಿಯಲ್ಲಿ ಮರಿ ತುಂಬಿಕೊಂಡು ಬರುವವರು ನನಗೆ ತಪ್ಪುವುದಿಲ್ಲ. ಯಾರೂ ಒಯ್ಯದಿದ್ದರೆ ಕೆಲಗೇರಿ ಕೆರೆಯ ದಂಡೆಗೋ, ನೃಪತುಂಗ ಬೆಟ್ಟಕ್ಕೋ ಬಿಟ್ಟು ಬರುತ್ತಾರೆ, ‘ಹುಲ್ಲ ತಿಂದು ಬದಕ್ತಾವ’ ಅಂತ. ಬದುಕುವುದಿಲ್ಲ. ನಮ್ಮ ಜೋಳದ ಹೊಲದಲ್ಲಿ ಓಡುವ ಕಾಡುಮೊಲವೇ ಬೇರೆ ಪ್ರಾಣಿ. ಅದು ಕೂದಲು ಹೊತ್ತು, ಕಣ್ಣು ತೆರೆದೇ ಹುಟ್ಟುತ್ತದೆ, ಮಣ್ಣಿನ ಬಣ್ಣದಲ್ಲಿ ಕರಗಿಹೋಗುತ್ತದೆ. (ಹೊಲದಲ್ಲಿ ಸಿಕ್ಕ ಅದನ್ನು ಮನೆಮೊಲಕ್ಕೆ ಜೋಡಿ ಹಾಕಬಹುದೇ ಎಂದು ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಅವೆರಡಕ್ಕೂ ಮರಿಯಾಗುವುದಿಲ್ಲ, ಕಾಡುಮೊಲ ಹಿಡಿದಿಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.) ನಿಮ್ಮ ಪೇಢೆ, ಚುರಮರಿ ಯುರೋಪಿನ ಮೊಲದ ಸಂತತಿ. ಬೆಳ್ಳಗೆ ಹೊಳೆಯುವ ಚುರಮರಿಯನ್ನು ಬಯಲಿಗೆ ಬಿಟ್ಟರೆ ಬೀದಿನಾಯಿಗಳಿಗೆ ಒಂದು ಸಂಜೆಯ ಕೆಲಸ.

ಗಂಡು ಮರಿ ತಿನ್ನುತ್ತದೆ ಎಂಬುದು ಹೆಚ್ಚಿನ ಮಟ್ಟಿಗೆ ಅಪವಾದ. ಸತ್ತು ಹುಟ್ಟಿದ ಮರಿಯನ್ನೋ, ನೀರಿಲ್ಲದೆ ಗಾಬರಿಯಾದಾಗ ಬದುಕಿದ್ದನ್ನೋ ತಾಯಿಯೇ ತಿಂದ ಪ್ರಸಂಗಗಳು ಹೆಚ್ಚು. ಗಂಡಿನ ನಿಜವಾದ ಅಪಾಯ ಎಂದರೆ ತಾಯಿಯ ಬೆನ್ನು ಹತ್ತಿ ಗೂಡನ್ನೆಲ್ಲ ತುಳಿದುಹಾಕುವುದು, ಮತ್ತು ಮೊದಲೇ ಹೇಳಿದಂತೆ ಕೂಡಲೇ ಮತ್ತೆ ಗಬ್ಬ ಮಾಡುವುದು.

ಅಗಲಿಸಿದರೆ ಕೊರಗುತ್ತವೆಯೇ? ಎರಡು ದಿನ ಹುಡುಕುತ್ತವೆ. ಮೊಲ ಜೊತೆ ಬಯಸುವ ಪ್ರಾಣಿ, ಒಂಟಿಯಾಗಿ ಬಾಳು ಕಳೆಯಲಿ ಎಂದು ನಾನು ಎಂದೂ ಹೇಳುವುದಿಲ್ಲ. ಆದರೆ ಬೇರೆ ಎಂದರೆ ಕಣ್ಮರೆ ಮಾಡಬೇಕೆಂದಿಲ್ಲ. ಎರಡು ಪಂಜರ ಎದುರುಬದುರು ಇಡಿ, ನಡುವೆ ಒಂದು ಗೇಣು ಜಾಗ ಇರಲಿ. ಆ ಗೇಣು ಜಾಗ ತಪ್ಪಿಸಬೇಡಿ, ಒಂದೇ ತಂತಿ ಜಾಳಿ ಅಡ್ಡವಿದ್ದರೆ ಅದರ ಸಂದಿಯಿಂದಲೇ ಕೂಡಿದ ಜೋಡಿಗಳಿವೆ. ಈ ದಿನಗಳಲ್ಲಿ ಕಣ್ಣಿಡಬೇಕಾದದ್ದು ಹಿಕ್ಕೆಯ ಮೇಲೆ. ಕಾರಣ ಏನೇ ಇರಲಿ, ಮೊಲ ಹತ್ತು-ಹನ್ನೆರಡು ತಾಸು ತಿನ್ನದೆ, ಹಿಕ್ಕೆ ಹಾಕದೆ ಕೂತರೆ ಕರುಳು ನಿಂತಿದೆ ಎಂದು ಅರ್ಥ. ನಾಳೆ ನೋಡೋಣ ಎನ್ನುವ ಹಾಗಿಲ್ಲ.

ಇನ್ನು ದಾರಿ ಯಾವುವು? ಎರಡೂ ಪಂಜರವನ್ನು ಕಾಯಂ ಬೇರೆಯೇ ಇಟ್ಟು ಎಂಟು-ಹತ್ತು ವರ್ಷ ಸಾಕಬಹುದು. ಖರ್ಚಿಲ್ಲ, ಆದರೆ ಒಂದೇ ದಿನ ಮಕ್ಕಳ ಕೈಯಿಂದ ಚಿಲಕ ತೆರೆದುಕೊಂಡರೆ ಮುಗಿಯಿತು. ಗಂಡು ಪ್ರಾಯಕ್ಕೆ ಬಂದಂತೆ ಪಡಸಾಲೆಯ ತುಂಬ ಮೂತ್ರ ಸಿಡಿಸುತ್ತದೆ, ಆ ನಾತಕ್ಕೆ ನಿಮ್ಮ ಅತ್ತಿಯವರೇ ಮೊದಲು ಸೋಲುತ್ತಾರೆ. ಒಂದನ್ನು ಬೇರೆಯವರಿಗೆ ಕೊಡಬಹುದು, ಆದರೆ ನಿಮ್ಮ ಮಗಳ ಪರವಾಗಿ ಆ ಸಲಹೆಯನ್ನು ನಾನು ಬರೆದಷ್ಟಕ್ಕೇ ಬಿಡುತ್ತೇನೆ.

ನನ್ನ ಮನೆಯ ಮೊಲಗಳಾಗಿದ್ದರೆ ನಾನು ಮಾಡುತ್ತಿದ್ದದ್ದು ಇದು: ಪೇಢೆಯ ಬೀಜ ತೆಗೆಸುವುದು. ಎತ್ತಿಗೆ ಬೀಜ ಒಡೆಸುವ ಹಾಗಲ್ಲ, ಅರಿವಳಿಕೆ ಕೊಟ್ಟು, ಸಣ್ಣ ಗಾಯ ಮಾಡಿ ತೆಗೆಯುತ್ತಾರೆ. ನಾಲ್ಕು ತಿಂಗಳು ದಾಟಿ ಬೀಜ ಇಳಿದಿದ್ದರೆ ಸಾಕು. ಗಂಡು-ಹೆಣ್ಣು ಜೋಡಿಯೇ ಮೊಲಗಳಲ್ಲಿ ಅತಿ ಸಲೀಸಾಗಿ ಹೊಂದುವ ಜೋಡಿ. ಎರಡು ಗಂಡುಗಳು ಪ್ರಾಯಕ್ಕೆ ಬಂದ ಮೇಲೆ ಒಂದರ ಬೀಜವನ್ನೊಂದು ಕಚ್ಚಿ ಹರಿಯುವಷ್ಟು ಕಾದಾಡುತ್ತವೆ. ಹಾಗೆ ನೋಡಿದರೆ ಅಂಗಡಿಯವನ ತಪ್ಪಿನಿಂದ ನಿಮಗೆ ಒಳ್ಳೆಯ ಜೋಡಿಯೇ ಸಿಕ್ಕಿದೆ.

ಆದರೆ ಆಪರೇಷನ್ ಆದ ಮರುದಿನವೇ ಒಟ್ಟಿಗೆ ಬಿಡುವಂತಿಲ್ಲ. ಇದನ್ನು ನಾನು ಪುಸ್ತಕಕ್ಕಿಂತ ಹೆಚ್ಚಾಗಿ ಸ್ವಂತ ತಪ್ಪಿನಿಂದ ಕಲಿತೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ಗಂಡಿಗೆ ಬೀಜ ತೆಗೆದು, ಹತ್ತನೆಯ ದಿನ ಗಾಯ ಮಾಯ್ದದ್ದು ನೋಡಿ, ‘ಇನ್ನ ಬಿಡ್ರಿ ಏನೂ ಆಗೂದಿಲ್ಲ’ ಎಂದೆ. ಮುಂದಿನ ತಿಂಗಳು ಮನೆಯ ಯಜಮಾನರು ಬಂದು ಮಾತಾಡದೆ ಮೇಜಿನ ಮೇಲೆ ಬೂಟಿನ ಡಬ್ಬಿ ಇಟ್ಟರು. ತೆರೆದರೆ ಆರು ಮರಿ, ಕೆಂಪಗೆ, ಹೆಬ್ಬೆರಳಿನಷ್ಟು. ಬೀಜ ಹೋದರೂ ನಾಳಗಳಲ್ಲಿ ಉಳಿದ ವೀರ್ಯ ನಾಲ್ಕರಿಂದ ಆರು ವಾರ ಕೆಲಸ ಮಾಡಬಲ್ಲದು. ಅಂದಿನಿಂದ ನಾನು ಆರು ವಾರಕ್ಕಿಂತ ಒಂದು ದಿನ ಕಡಿಮೆ ಹೇಳಿಲ್ಲ.

‘ಆಪರೇಷನ್ ಮಾಡಿದರೆ ಮೊಲ ಉಳಿಯೋದಿಲ್ಲ’ ಎಂದವರು ಪೂರ್ತಿ ಸುಳ್ಳು ಹೇಳಿಲ್ಲ. ಬ್ರಿಟನ್ನಿನ ನೂರಕ್ಕೂ ಹೆಚ್ಚು ಪಶು ಆಸ್ಪತ್ರೆಗಳ ಲೆಕ್ಕ 2008ರಲ್ಲಿ ಪ್ರಕಟವಾಯಿತು. ಅರಿವಳಿಕೆಯಿಂದಾದ ಸಾವು ನಾಯಿಗಳಲ್ಲಿ ಸಾವಿರಕ್ಕೆ ಎರಡಕ್ಕಿಂತ ಕಡಿಮೆ ಇದ್ದರೆ, ಮೊಲಗಳಲ್ಲಿ ಸಾವಿರಕ್ಕೆ ಸುಮಾರು 14. ಕಾಯಿಲೆಯಿಲ್ಲದ ಮೊಲಗಳನ್ನಷ್ಟೇ ಎಣಿಸಿದರೆ ಏಳು. ಹೆಚ್ಚಿನವು ಸತ್ತದ್ದು ಕತ್ತರಿ ಕೆಳಗಿಟ್ಟ ಮೇಲೆ, ಎಚ್ಚರಗೊಳ್ಳುವ ಹೊತ್ತಿನಲ್ಲಿ ಮತ್ತು ನಂತರದ ತಾಸುಗಳಲ್ಲಿ. ಅಪಾಯ ಇದೆ, ಅದು ಕೈಯಳತೆಯಲ್ಲಿ ಇಡಬಹುದಾದ ಅಪಾಯ.

ಅದಕ್ಕೇ ವೈದ್ಯರನ್ನು ಆರಿಸುವಾಗ ಸಂಕೋಚ ಬೇಡ. ಮೊಲಕ್ಕೆ ಎಷ್ಟು ಸಲ ಮಾಡಿದ್ದೀರಿ ಎಂದು ಕೇಳಿ. ಕೇಳಿದರೆ ಸಿಟ್ಟಾಗುವವರಿದ್ದರೆ ಅದೂ ಒಂದು ಉತ್ತರವೇ. ‘ಹಿಂದಿನ ರಾತ್ರಿಯಿಂದ ಉಪವಾಸ ಇಡಿ’ ಎಂದರೆ ಬೇರೆಯವರನ್ನು ನೋಡಿ. ಮೊಲ ವಾಂತಿ ಮಾಡಲಾರದು, ಅದಕ್ಕೆ ಉಪವಾಸದ ಅಗತ್ಯವಿಲ್ಲ, ಉಪವಾಸವಿಟ್ಟರೇ ಕರುಳು ನಿಲ್ಲುತ್ತದೆ. ಗ್ಯಾಸ್ ಅರಿವಳಿಕೆ ಇದೆಯೇ, ನೋವಿಗೆ ಔಷಧ ಕೊಡುತ್ತಾರೆಯೇ ಎಂದು ವಿಚಾರಿಸಿ. ಗಂಡು ಮೊಲದ ತೊಡೆಸಂದಿಯ ದಾರಿ ಜೀವಮಾನವಿಡೀ ತೆರೆದೇ ಇರುತ್ತದೆ, ಬೀಜ ತೆಗೆದ ಮೇಲೆ ಅಲ್ಲಿಂದ ಕರುಳು ಇಳಿಯದಂತೆ ಕಟ್ಟಬೇಕು. ಇದು ಗೊತ್ತಿರುವವರು ಪ್ರಶ್ನೆ ಮುಗಿಯುವ ಮೊದಲೇ ತಲೆ ಆಡಿಸುತ್ತಾರೆ. ಬಾಯಿಂದ ಕೊಡುವ ಅಮಾಕ್ಸಿಸಿಲಿನ್ ಯಾರೇ ಬರೆದುಕೊಟ್ಟರೂ ಬೇಡ ಅನ್ನಿ, ಅದು ಮೊಲದ ಕರುಳಿನ ಒಳ್ಳೆಯ ಜೀವಾಣುಗಳನ್ನೇ ಕೊಲ್ಲುತ್ತದೆ. ಧಾರವಾಡ-ಹುಬ್ಬಳ್ಳಿಯಲ್ಲಿ ಮನಸ್ಸಿಗೆ ಬಂದವರು ಸಿಗದಿದ್ದರೆ ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಮೊದಲು ವಿಚಾರಿಸಿಕೊಂಡು, ಬಿಸಿಲೇರುವ ಮೊದಲು ತಲುಪುವ ಹಾಗೆ ಹೊರಡಿ. ಚೀಲದಲ್ಲಿ ದಿನಾ ತಿನ್ನುವ ಹುಲ್ಲು, ಒಂದು ಹಿಡಿ ಕೊತ್ತಂಬರಿ ಇರಲಿ. ಎಚ್ಚರಾದ ಮೊಲದ ಮೂಗಿಗೆ ಕೊತ್ತಂಬರಿ ಹಿಡಿದಾಗ ಮೊದಲ ಕಚ್ಚು ಬಿದ್ದರೆ ನಾವು ಉಸಿರು ಬಿಡುತ್ತೇವೆ.

ಚುರಮರಿಯ ಗರ್ಭಕೋಶ ತೆಗೆಸುವುದು ದೊಡ್ಡ ಆಪರೇಷನ್, ಹೊಟ್ಟೆ ತೆರೆಯಬೇಕು. ಅದನ್ನು ಅವಸರದಲ್ಲಿ ಮಾಡಿಸಬೇಡಿ, ಪೂರ್ತಿ ಕೈಬಿಡಲೂ ಬೇಡಿ. ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತೀರ ಸಾಮಾನ್ಯ, ಕೆಲವು ತಳಿಗಳಲ್ಲಿ ಅರ್ಧಕ್ಕೂ ಹೆಚ್ಚು ಮೊಲಗಳಿಗೆ ಬರುತ್ತದೆ. ಮರಿಗಳಾಗದಿದ್ದರೆ ಮಳೆಗಾಲದ ತಂಪಿನಲ್ಲಿ, ಮರಿಗಳಾದರೆ ಅವು ಹಾಲು ಬಿಟ್ಟು ಕೆಚ್ಚಲು ಬತ್ತಿದ ಮೇಲೆ, ನುರಿತ ಕೈ ಸಿಕ್ಕಾಗ ಮಾಡಿಸಿ.

ಈಗ ಪೆಟ್ಟಿಗೆಯ ಮಾತು. ಆಪೂಸ್ ಬರುವ ಕಟ್ಟಿಗೆಯ ಪೆಟ್ಟಿಗೆ ಸಾಕು. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ತಾಯಿ ದಾಟಿ ಒಳಹೋಗಲು ಮುಂದೆ ಅರ್ಧ ಅಡಿ ಎತ್ತರದ ಹೊಸ್ತಿಲು. ಮೊಳೆ ಚಾಚಿಲ್ಲ ಎಂದು ಕೈಯಾಡಿಸಿ ನೋಡಿ. ಒಣಹುಲ್ಲು ತುಂಬಿ, ಚುರಮರಿ ಕಿತ್ತ ಕೂದಲನ್ನು ಎಸೆಯದೆ ಅದರಲ್ಲೇ ಹಾಕಿ. ಮರಿಗಳಾದರೆ ಜನ ಹೆದರುವುದು ಒಂದಕ್ಕೇ: ‘ತಾಯಿ ಹತ್ರಾನ ಹೋಗವಲ್ದು, ಹಾಲ ಕುಡಸವಲ್ದು.’ ಮೊಲದ ತಾಯಿ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ, ಅದೂ ಮೂರರಿಂದ ಐದು ನಿಮಿಷ ಹಾಲು ಕೊಟ್ಟು ದೂರ ಹೋಗುತ್ತದೆ, ಸಾಮಾನ್ಯವಾಗಿ ನೀವು ಮಲಗಿರುವಾಗ. ಹಾಲು ಕುಡಿದ ಮರಿಯ ಹೊಟ್ಟೆ ಗೋಲಿಯಂತೆ ಬಿಗಿದಿರುತ್ತದೆ, ತೆಳು ಚರ್ಮದ ಕೆಳಗೆ ಹಾಲು ಬೆಳ್ಳಗೆ ಕಾಣುತ್ತದೆ. ಹಸಿದದ್ದರ ಚರ್ಮ ಸುಕ್ಕು. ದಿನಕ್ಕೊಮ್ಮೆ ಕೈ ತೊಳೆದು ಮುಟ್ಟಿ ನೋಡಬಹುದು, ಮನುಷ್ಯರ ವಾಸನೆಗೆ ಸಾಕಿದ ತಾಯಿ ಮರಿ ಬಿಡುವುದಿಲ್ಲ. ಡ್ರಾಪರಿನಲ್ಲಿ ಆಕಳ ಹಾಲು ಮಾತ್ರ ಹನಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಹತ್ತು-ಹನ್ನೆರಡು ದಿನಕ್ಕೆ ಕಣ್ಣು ಬಿಡುತ್ತವೆ.

ಚುರಮರಿಗೆ ಹುಲ್ಲೇ ಊಟ, ಪಲ್ಲೆ ಪಕ್ಕಕ್ಕೆ, ಗಜ್ಜರಿ ಬೆರಳಿನ ತುದಿಯಷ್ಟು. ಹೆಸರಿಗೆ ತಕ್ಕಂತೆ ಚುರಮರಿ ತಿನ್ನಿಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಮೇವಿನ ಸಂಶೋಧನೆಗೇ ಒಂದು ಕೇಂದ್ರವಿರುವ ಊರಿನಲ್ಲಿ ಹುಲ್ಲು ಸಿಗುವುದಿಲ್ಲ ಎಂದು ಮೊಲಕ್ಕೆ ಅನ್ನ ಹಾಕುವವರನ್ನು ಕಂಡರೆ ನನಗೆ ಬೈಯುವ ಮನಸ್ಸಾಗುತ್ತದೆ. ಬೇಸಿಗೆ ಬರುತ್ತಿದೆ, ಪತ್ರಾಸಿನ ಕೆಳಗೆ ಪಂಜರ ಇಡಬೇಡಿ. ಮೊಲ ಬೆವರುವುದಿಲ್ಲ, ಸೆಕೆ ಹೋಗುವುದು ಕಿವಿಯಿಂದ. 30 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ಒಂದು ತುಂಡು ಶಹಾಬಾದ ಫರಸಿಯನ್ನು ನೆರಳಿನಲ್ಲಿ ನೀರೆರೆದು ಇಟ್ಟರೆ ಮಧ್ಯಾಹ್ನವೆಲ್ಲ ಅದರ ಮೇಲೆ ಹೊಟ್ಟೆ ಹಚ್ಚಿ ಮಲಗುತ್ತದೆ. ನೀರಿಗೆ ಉರುಳದಂಥ ಮಣ್ಣಿನ ಬಟ್ಟಲೇ ಇರಲಿ.

ಮಗಳ ಪ್ರಶ್ನೆ: ಮರೆಯುತ್ತವಾ? ಮೊಲ ನೆನಪಿಡುವುದು ಮೂಗಿನಿಂದ. ಆರು ವಾರವೂ ಎರಡು ದಿನಕ್ಕೊಮ್ಮೆ ಹಾಸಿಗೆಯ ಅರಿವೆ ಅದಲುಬದಲು ಮಾಡುವ ಕೆಲಸವನ್ನು ಅವಳಿಗೇ ವಹಿಸಿ. ಮತ್ತೆ ಸೇರಿಸುವಾಗ ಯಾರ ಪಂಜರದಲ್ಲೂ ಸೇರಿಸಬೇಡಿ. ಹೆಣ್ಣು ಮೊಲಕ್ಕೆ ತನ್ನ ಜಾಗದ ಹಟ ಬಹಳ, ಒಳಬಂದವನನ್ನು ಕಚ್ಚಿ ಓಡಿಸುತ್ತದೆ. ಇಬ್ಬರೂ ಕಾಲಿಡದ ಜಾಗ ಬೇಕು, ಹಳೆಯ ಕೌದಿ ಹಾಸಿದ ಅಟ್ಟದ ಕೋಣೆಯೋ ಓಣಿಯ ಕಡೆಗಿನ ಕಟ್ಟೆಯೋ. ಮೊದಲ ದಿನ ಹತ್ತು ನಿಮಿಷ ಸಾಕು. ಒಂದನ್ನೊಂದು ಏರುತ್ತವೆ, ಓಡಿಸುತ್ತವೆ, ಒಂದೆರಡು ಎಸಳು ಕೂದಲು ಹಾರುತ್ತದೆ, ಅಷ್ಟಕ್ಕೆ ಗಾಬರಿ ಬೇಡ. ಉಂಡೆಯಾಗಿ ಉರುಳಿ ಕಚ್ಚಾಡಿದರೆ ಬರಿಗೈ ಹಾಕದೆ ದಪ್ಪ ಟಾವೆಲ್ ಎಸೆದು ಬಿಡಿಸಿ, ಮರುದಿನ ಮತ್ತೆ ನೋಡಿ. ಒಂದು ತಲೆ ತಗ್ಗಿಸಿ ಕೂತು ಇನ್ನೊಂದು ಅದರ ಹಣೆ ನೆಕ್ಕುವ ದಿನ ಬಂದೇ ಬರುತ್ತದೆ, ಕೆಲವು ಜೋಡಿಗೆ ಮೂರು ದಿನ, ಕೆಲವಕ್ಕೆ ಮೂರು ವಾರ. ಅದನ್ನು ಮಗಳು ಸತತ ಎರಡು ದಿನ ಕಣ್ಣಾರೆ ನೋಡಿದ ಮೇಲೆ ರಾತ್ರಿಯೂ ಒಟ್ಟಿಗೆ ಬಿಡಿ.